ಬೂದಿ ಜೋಳದಲ್ಲಿಟ್ಟ ದನಿ

ನಮ್ಮ ಬೆಟಗೇರಿಯ ಓಣಿಗೆ ನಳದ ನೀರು ಎಂಟು ದಿನಕ್ಕೊಮ್ಮೆ ಬರುತ್ತದೆ, ಕೆಲವೊಮ್ಮೆ ಹನ್ನೆರಡು ದಿನಕ್ಕೆ. ಬರುವುದು ಬೆಳಗಿನ ಐದರ ಸುಮಾರಿಗೆ. ಮೊದಲು ನಳ ಬರೀ ಗಾಳಿ ಬಿಡುತ್ತದೆ. ಆಮೇಲೆ ಎರಡು ಸಲ ಕೆಮ್ಮಿ ಕೆಂಪು ನೀರು ಉಗುಳುತ್ತದೆ. ಆ ಕೆಂಪು ನೀರು ಅಂಗಳಕ್ಕೆ, ನಂತರದ್ದು ಬಚ್ಚಲ ಹಂಡೆಗೆ, ಅದಾದ ಮೇಲೆ ಎರಡು ನೀಲಿ ಬ್ಯಾರಲ್‌ಗಳಿಗೆ, ಕೊನೆಗೆ ನಳದ ಬಾಯಿಗೆ ಬಿಳಿ ಅರಿವೆ ಕಟ್ಟಿ ಕುಡಿಯುವ ಕೊಡಗಳಿಗೆ. ಈ ಕ್ರಮ ಒಂದು ದಿನ ತಪ್ಪಿದರೆ ಮುಂದೆ ವಾರವಿಡೀ ಮನೆಯಲ್ಲಿ ಎಲ್ಲವೂ ತಪ್ಪುತ್ತದೆ.

ನೀರು ಬಂದದ್ದನ್ನು ನನಗೆ ತಿಳಿಸುತ್ತಿದ್ದವರು ಯಜಮಾನರು. ನಸುಕಿನಲ್ಲಿ ಅವರಿಗೆ ನಿದ್ದೆ ಹತ್ತುವುದಿಲ್ಲ. ನಳ ಗಾಳಿ ಬಿಟ್ಟ ಕೂಡಲೇ ದಿಂಬಿನ ಪಕ್ಕದ ಫೋನು ಎತ್ತಿಕೊಂಡು ಪರದೆಯ ಮೇಲಿನ ನೀರಹನಿಯ ಚಿತ್ರ ಒತ್ತುತ್ತಿದ್ದರು. ಆಗ ಫೋನಿನಿಂದ ಅವರ ದನಿ ಹೊರಡುತ್ತಿತ್ತು: “ಏಳ, ನೀರ ಬಂತ ನೋಡ.” ಓಣಿಗೆಲ್ಲ ಕೇಳುವಂಥ ದನಿ.

ಆ ದನಿ ಫೋನಿನಲ್ಲಿ ಮಾತ್ರ ಇತ್ತು. ಅವರ ಗಂಟಲಿನಲ್ಲಿ ಇರಲಿಲ್ಲ. ಎರಡು ವರ್ಷದ ಹಿಂದೆ ಹುಬ್ಬಳ್ಳಿಯಲ್ಲಿ ಆಪರೇಶನ್ ಮಾಡಿ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದಿದ್ದರು. ಈಗ ಕುತ್ತಿಗೆಯಲ್ಲಿರುವ ಒಂದು ರೂಪಾಯಿ ನಾಣ್ಯದಷ್ಟು ತೂತಿನಿಂದ ಉಸಿರಾಡುತ್ತಾರೆ. ಅದರ ಮೇಲೆ ಇಳಿಬಿಡಲು ಹಳೆಯ ಧೋತರದ ಅರಿವೆಗೆ ಅಂಚು ಹೊಲಿದು ನಾನೇ ಕೊಡುತ್ತೇನೆ. ಹೊರಗೆ ಯಾರಿಗೂ ಕಾಣಿಸಿಕೊಳ್ಳಲು ಅವರಿಗೆ ಇನ್ನೂ ಮನಸ್ಸಾಗಿಲ್ಲ. ಎರಡು ತಿಂಗಳ ಹಿಂದೆ ಪಕ್ಕದ ಮನೆಗೆ ಬಾಡಿಗೆಗೆ ಬಂದ ಟೀಚರು ಕೂಡ ಅವರನ್ನು ಕಂಡಿಲ್ಲ. ಆಕೆ ಹುಲಕೋಟಿಯ ಶಾಲೆಗೆ ಎಂಟರ ಬಸ್ಸಿಗೆ ಹೋದರೆ ಸಂಜೆಯೇ ಬರುವುದು. ನಮಗೂ ಅವರಿಗೂ ನಡುವೆ ಒಂದೇ ಗೋಡೆ.

ಹಾಗೆ ದನಿ ಕಳೆದುಕೊಂಡವರು ಅದರಿಂದಲೇ ಅನ್ನ ತಿಂದವರು. ಬಸ್ ನಿಲ್ದಾಣದ ಕಂಟ್ರೋಲರ್ ಆಗಿ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಎಲ್ಲ ಕಡೆ ಮೈಕಿನ ಮುಂದೆ ಕುಳಿತು ಬಸ್ಸು ಕೂಗಿದ್ದಾರೆ. ಮನೆಯಲ್ಲಿಯೂ ಉಪ್ಪು ಕೇಳಿದರೆ ಪ್ಲಾಟ್‌ಫಾರ್ಮಿಗೆ ಕೇಳುವಂತೆ ಕೇಳುತ್ತಿದ್ದರು. ನಾನು ಕಾನ್ವೆಂಟಿನಲ್ಲಿ ಓದಿದವಳು. ತುಟಿಯ ಮೇಲೆ ಬೆರಳಿಟ್ಟುಕೊಂಡು ವರಾಂಡ ದಾಟುವುದನ್ನು ಸಿಸ್ಟರುಗಳು ನಮಗೆ ಮೊದಲ ಪಾಠವಾಗಿ ಕಲಿಸಿದ್ದರು. ಮದುವೆಯಾದ ಮೊದಲ ವರ್ಷ ಇವರು ಬಾಯಿ ತೆರೆದರೆ ಸಾಕು, ನಾನು ಎದ್ದು ಕಿಟಕಿ ಮುಚ್ಚುತ್ತಿದ್ದೆ.

ಆಪರೇಶನ್ನಿಗೆ ನಾಲ್ಕು ದಿನ ಮೊದಲು, ಆಸ್ಪತ್ರೆಯ ಮಾತು ಕಲಿಸುವ ವಿಭಾಗದ ಹುಡುಗಿಯೊಬ್ಬಳು ಒಂದು ಆ್ಯಪ್ ತೋರಿಸಿದಳು. ದಿನಬಳಕೆಯ ಮಾತುಗಳನ್ನು ಹೇಳಿ ರೆಕಾರ್ಡ್ ಮಾಡಿ, ಒಂದೊಂದಕ್ಕೆ ಒಂದೊಂದು ಚಿತ್ರ ಹಚ್ಚಿಡುವುದು. ನಾವು ಇಳಿದಿದ್ದ ಬಾಡಿಗೆ ಕೋಣೆಯ ಮೆಟ್ಟಿಲ ಮೇಲೆ ಕುಳಿತು ಇವರು ಒಂದು ಮಧ್ಯಾಹ್ನ ಪೂರ್ತಿ ಹೇಳಿದರು. “ಚಹಾ ಆತೇನು?” ಎಂಬುದರ ತುದಿಯಲ್ಲಿ ನನ್ನ ಬಳೆಯ ಸಪ್ಪಳ ಸೇರಿದೆ. “ಯಾರದು? ಒಳಗ ಬರ್ರಿ” ಎಂಬುದರ ನಡುವೆ ಪಕ್ಕದ ಕೋಣೆಯ ಕುಕ್ಕರು ಸೀಟಿ ಹೊಡೆದಿದೆ. “ಹೌದು”, “ಬ್ಯಾಡ”, “ತಡಿ ಒಂದೀಟು”. ಎಲ್ಲ ಮುಗಿದ ಮೇಲೆ, ನಮ್ಮ ಜೊತೆಗೇ ಬಂದು ಕುಳಿತಿದ್ದ ಆ ಹುಡುಗಿ, ಮನೆಯವರಿಗೆ ಅಂತ ಏನಾದರೂ ಹೇಳಿ ಸರ್ ಎಂದಳು. ಇವರು ನನ್ನ ಕಡೆ ನೋಡಿದರು. ಗಂಟಲು ಸರಿಮಾಡಿಕೊಂಡು, ಮುಂಡರಗಿಯಿಂದ ಶಿರಹಟ್ಟಿ ಮಾರ್ಗವಾಗಿ ಲಕ್ಷ್ಮೇಶ್ವರಕ್ಕೆ ಹೋಗುವ ಬಸ್ಸು ಹೊರಡಲು ಸಿದ್ಧವಾಗಿದೆ, ಪ್ರಯಾಣಿಕರು ತಮ್ಮ ಸಾಮಾನು ನೋಡಿಕೊಳ್ಳಬೇಕು ಎಂದು ಕೂಗಿ, ತಾವೇ ನಕ್ಕು, “ಆತಿಲ್ಲೋ?” ಎಂದರು. ಆ ನಗು ಕೂಡ ರೆಕಾರ್ಡ್ ಆಯಿತು. ಅದಕ್ಕೆ ಹಚ್ಚಿದ್ದು ಬಸ್ಸಿನ ಚಿತ್ರ. ಆಪರೇಶನ್ ಆಗಿ ಮನೆಗೆ ಬಂದ ಮೇಲೆ, ಮಧ್ಯಾಹ್ನ ಅವರು ಮಲಗಿದಾಗ ದನಿ ಸಣ್ಣ ಮಾಡಿ ನಾನು ಅದನ್ನು ಒತ್ತುತ್ತಿದ್ದೆ.

ಬರೆದದ್ದನ್ನು ಓದಿ ಹೇಳುವ ಯಂತ್ರದ ದನಿಯೂ ಫೋನಿನಲ್ಲಿ ಇತ್ತು. “ನನಗೆ ಚಹಾ ಬೇಕಾಗಿದೆ” ಎಂದು ವಾರ್ತೆ ಓದಿದ ಹಾಗೆ ಹೇಳುತ್ತಿತ್ತು. ಅವರು ಒಂದು ಸಲ ಕೇಳಿ ಫೋನನ್ನು ಬೋರಲು ಹಾಕಿಟ್ಟರು.

ಆ ದಿನ ನಸುಕಿನಲ್ಲಿ ಕರೆಂಟು ಇರಲಿಲ್ಲ. ಇವರ ಫೋನು ರಾತ್ರಿ ಅಡಿಗೆಮನೆಯಲ್ಲಿ ಚಾರ್ಜಿಗೆ ಇಟ್ಟದ್ದು ಅಲ್ಲಿಯೇ ಉಳಿದಿತ್ತು. ನನ್ನ ಫೋನು ಚಾರ್ಜಿಲ್ಲದೆ ಸತ್ತಿತ್ತು. ನಳ ಗಾಳಿ ಬಿಟ್ಟದ್ದು ನನಗೇ ಕೇಳಿಸಿತು. ಅವರನ್ನು ಕಾಯದೆ ಎದ್ದೆ. ಅಡಿಗೆಮನೆಯಿಂದ ಅವರ ಫೋನು ತಂದು, ಅದರ ಟಾರ್ಚು ಹಚ್ಚಿ, ಬೆಳಕು ಗೋಡೆಗೆ ಬೀಳುವಂತೆ ಬ್ಯಾರಲ್ಲಿನ ಅಂಚಿಗೆ ಆನಿಸಿಟ್ಟೆ. ಹಂಡೆ ತುಂಬಿತು. ಪೈಪನ್ನು ಬ್ಯಾರಲ್ಲಿಗೆ ತಿರುಗಿಸಿದೆ. ನಡುವೆ ನಳ ಮತ್ತೆ ಗಾಳಿ ಬಿಟ್ಟಿತು. ಪೈಪು ಹಾವಿನಂತೆ ಎದ್ದು ಹೊರಳಿ ಫೋನಿಗೆ ಬಡಿಯಿತು. ಬೆಳಕು ನೀರಿನೊಳಗೆ ಇಳಿದು ಹೋಗುವುದನ್ನು ನೋಡಿದೆ. ಬ್ಯಾರಲ್ಲು ಒಳಗಿನಿಂದ ನೀಲಿಯಾಗಿ ಹೊಳೆಯಿತು.

ತೋಳು ಪೂರ್ತಿ ಮುಳುಗಿಸಿ ತೆಗೆದೆ. ಆಗ ಅದು ಇನ್ನೂ ಬದುಕಿತ್ತು. ಪರದೆ ಹೊಳೆಯುತ್ತಿತ್ತು, ಚಿತ್ರಗಳೆಲ್ಲ ಇದ್ದಲ್ಲೇ ಇದ್ದವು. ಸೆರಗಿನಿಂದ ಒರೆಸಿ ಚಹಾ ಕಪ್ಪಿನ ಚಿತ್ರ ಒತ್ತಿದೆ. “ಚಹಾ ಆತೇನು?” ಎಂದಿತು, ಬಾವಿಯೊಳಗಿಂದ ಬಂದ ಹಾಗೆ, ದಪ್ಪಗೆ. ಸ್ಪೀಕರಿನ ತೆಳ್ಳಗಿನ ಪರದೆಯ ಮೇಲೆ ನೀರು ಕುಳಿತರೆ ಹಾಗಾಗುತ್ತದೆಯಂತೆ. ಅದು ನನಗೆ ಆಮೇಲೆ ತಿಳಿಯಿತು. ಆಗ ನನಗೆ ಅನ್ನಿಸಿದ್ದು ಇಷ್ಟೇ: ಇವರ ದನಿ ತೊಯ್ದಿದೆ, ಒಣಗಿಸಬೇಕು.

ತೊಯ್ದ ಫೋನನ್ನು ಅಕ್ಕಿಯಲ್ಲಿ ಇಡಬೇಕು ಎಂದು ಎಲ್ಲರೂ ಹೇಳುವುದನ್ನು ಕೇಳಿದ್ದೆ. ನಮ್ಮ ಮನೆಯಲ್ಲಿ ಅಕ್ಕಿ ಇರುವುದು ಸಣ್ಣ ಡಬ್ಬಿಯಲ್ಲಿ. ಜೋಳ ಮಾತ್ರ ಸೊಂಟದೆತ್ತರದ ಪೀಪಾಯಿಯಲ್ಲಿದೆ. ಅಸುಂಡಿಯ ಹೊಲದಿಂದ ಬರುವ ಬಿಳಿಜೋಳ, ಹುಳ ಹತ್ತದಂತೆ ಒಲೆಯ ಬೂದಿ ಕಲಸಿ, ನಡುವೆ ಬೇವಿನ ಎಲೆ ಹಾಕಿ ಇಟ್ಟದ್ದು. ನಮ್ಮ ಅತ್ತೆಯವರು ಬೂದಿ ಇಲ್ಲದೆ ಯಾವ ಕಾಳನ್ನೂ ಕಟ್ಟಿಟ್ಟವರಲ್ಲ. ಬೂದಿ ಹಸಿ ಹೀರುತ್ತದೆ, ಬೀಜ ಮುಂದಿನ ವರ್ಷದವರೆಗೆ ಗರಿಗರಿಯಾಗಿರುತ್ತದೆ ಎನ್ನುತ್ತಿದ್ದರು. ಅಕ್ಕಿಗಿಂತ ಇದೇ ಹೆಚ್ಚು ಒಣಗಿಸೀತು ಎಂದುಕೊಂಡೆ. ಫೋನನ್ನು ಬಂದ್ ಮಾಡಬೇಕೆಂದು ಹೊಳೆಯಲೇ ಇಲ್ಲ. ಹಾಗೆಯೇ, ಹೊಳೆಯುತ್ತಿದ್ದ ಹಾಗೆಯೇ, ಮೊಳಕೈವರೆಗೆ ಜೋಳದೊಳಗೆ ಹುಗಿದೆ.

ಹಿಂದಿನಿಂದ ಎರಡು ಚಪ್ಪಾಳೆ ಕೇಳಿಸಿತು. ನಮ್ಮ ಮನೆಯಲ್ಲಿ ಎರಡು ಚಪ್ಪಾಳೆ ಎಂದರೆ ಬ್ಯಾರಲ್ಲು ತುಂಬಿತು ಎಂದರ್ಥ. ನಾನು ತಿರುಗಿಯೂ ನೋಡದೆ ಪೈಪಿನ ಕಡೆ ಓಡಿದೆ. ಬ್ಯಾರಲ್ಲು ಅರ್ಧವೂ ತುಂಬಿರಲಿಲ್ಲ. ಮತ್ತೆ ಚಪ್ಪಾಳೆ. ಬಂದೆ ಬಂದೆ ಎಂದು ಅಲ್ಲಿಂದಲೇ ಕೂಗಿ, ಅದು ತುಂಬಿದ ಮೇಲೆ ಎರಡನೆಯ ಬ್ಯಾರಲ್ಲಿಗೆ ಪೈಪು ಹಾಕಿದೆ. ಆಮೇಲೆ ಕೊಡಗಳು. ನೀರು ನಿಂತಾಗ ಆರೂವರೆ. ಒಳಗೆ ಬಂದರೆ ಯಜಮಾನರು ಪೀಪಾಯಿಯ ಪಕ್ಕ ನೆಲದ ಮೇಲೆ ಕುಳಿತಿದ್ದರು, ಎರಡೂ ಕೈಗೆ ಬೂದಿ. ಫೋನು ಅವರ ತೊಡೆಯ ಮೇಲಿತ್ತು. ಕಪ್ಪಾಗಿತ್ತು. ಎಷ್ಟು ಆಳಕ್ಕೆ ಹುಗಿದಿದ್ದೆನೋ, ಹುಡುಕಿ ತೆಗೆಯಲು ಅವರಿಗೆ ಅಷ್ಟು ಹೊತ್ತು ಹಿಡಿದಿತ್ತು. ಪಕ್ಕದಲ್ಲಿದ್ದ ಪಾಟಿಯ ಮೇಲೆ ಬಳಪದಿಂದ ಒಂದೇ ಮಾತು ಬರೆದಿದ್ದರು: ಬ್ಯಾಡ.

ಅವರ ಬ್ಯಾಡ ಎಂಬ ದನಿಯನ್ನು ನಾನು ಜೋಳದಲ್ಲಿ ಹುಗಿದಿದ್ದೆ. ಮತ್ತೆ ಹೇಗೆ ಹೇಳುತ್ತಾರೆ?

ಅಷ್ಟಕ್ಕೇ ಸುಮ್ಮನಿರಲಿಲ್ಲ ನಾನು. ಕರೆಂಟು ಬಂದ ಕೂಡಲೇ, ಜೀವ ಬಂದೀತೆಂದು ಚಾರ್ಜರು ಚುಚ್ಚಿದೆ. ಸುಟ್ಟ ಕೂದಲಿನಂಥ ವಾಸನೆ ಬಂತು. ಕಿತ್ತೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅವರಿಗೆ ಉಪ್ಪಿಟ್ಟು ಮಾಡಿಟ್ಟು, ಹತ್ತು ಗಂಟೆಗೆ ಗದಗಿನ ಪೇಟೆಯ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯವರಿಗೆ ನನ್ನದೇ ವಯಸ್ಸು. ಮೊದಲು ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದವರು. ಹಣೆಯ ಮೇಲೆ ಭೂತಗನ್ನಡಿ ಕಟ್ಟಿಕೊಂಡಿರುತ್ತಾರೆ. ಫೋನಿನ ಕವರು ಬಿಚ್ಚಿದಾಗ ನಾಲ್ಕು ಜೋಳದ ಕಾಳು ಮೇಜಿನ ಮೇಲೆ ಉದುರಿದವು.

“ಅಕ್ಕಾರ, ರಿಪೇರಿಗೆ ತಂದೀರೋ, ರೊಟ್ಟಿ ಬಡ್ಯಾಕ ತಂದೀರೋ?” ಎಂದರು. ನಾನು ನಗದಿದ್ದುದನ್ನು ನೋಡಿ, “ಕುಂಡ್ರಿ, ನೋಡೋಣು” ಎಂದು ಸ್ಟೂಲು ಸರಿಸಿದರು.

ಬಿಚ್ಚಿದ ಮೇಲೆ ಅವರೂ ನಗಲಿಲ್ಲ. ಭೂತಗನ್ನಡಿಯನ್ನು ಕಳಚಿ ನನ್ನ ಕೈಗೆ ಕೊಟ್ಟರು. ಉಗುರಿನಷ್ಟು ಜಾಗದಲ್ಲಿ ಒಂದು ಊರೇ ಇತ್ತು, ಓಣಿಗಳು, ಚೌಕಗಳು, ಮನೆಗಳು. ಆ ಓಣಿಗಳ ತುಂಬ ಬೂದಿಯ ರಾಡಿ. ಕೆಲವು ಕಡೆ ಹಸಿರು ಗೆರೆ ಎದ್ದಿತ್ತು, ತಾಮ್ರದ ಹಂಡೆಯಲ್ಲಿ ಏಳುವಂಥದೇ.

“ಬರೇ ನೀರಾಗ ಬಿದ್ದಿದ್ರ ಛಲೋ ಇತ್ರಿ” ಎಂದರು. “ಬೂದಿ ಒಣಗಿದ್ದಾಗ ಏನೂ ಮಾಡೂದಿಲ್ಲ. ತೊಯ್ತು ಅಂದ್ರ ಅದು ಕ್ಷಾರದ ನೀರು. ಅದರಾಗ ಕರೆಂಟ ಹರೀತೈತಿ. ಹರೀಬಾರದ್ದ ಕಡೆ ಹರೀತೈತಿ. ತೆಗೆದ ಕೂಡ್ಲೇ ಬಂದ್ ಮಾಡಿದ್ರೇನು?”

“ಇಲ್ರಿ. ಚಾಲೂನ ಇತ್ತು. ದನೀನೂ ಬಂತು.”

“ದನಿ ಬಂದಾಗ ಆ ರೆಕಾರ್ಡ ಯಾರಿಗಾದ್ರೂ ಒಬ್ಬರಿಗೆ ಕಳಿಸಿದ್ರ ಮುಗೀತಿತ್ತು.” ಅವರು ಬೈಯುವ ದನಿಯಲ್ಲಿ ಹೇಳಲಿಲ್ಲ. ಕಿಟಕಿ ತೆರೆದಿತ್ತು ಎಂದು ಹೇಳಿದ ಹಾಗೆ ಹೇಳಿದರು. ನಾನು ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ, ಬಿಚ್ಚಿ, ಮತ್ತೆ ನಾಲ್ಕು ಮಡಿಕೆ ಮಾಡಿದೆ.

ಫೋನಿನಲ್ಲಿ ಏನಿದೆ ಎಂದು ಹೇಳಿದೆ. ಅವರು ಅಂಗಡಿಯ ಬಾಗಿಲು ಅರ್ಧ ಎಳೆದು, ಫೋನಿನೊಳಗಿನ ಸರ್ಕ್ಯೂಟ್ ಹಲಗೆಯನ್ನು ಔಷಧದಲ್ಲಿ ಅದ್ದಿ, ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದರು, ಬಿಸಿ ಗಾಳಿ ಊದಿದರು, ತಂತಿ ಮುಟ್ಟಿಸಿ ಮುಟ್ಟಿಸಿ ನೋಡಿದರು. ಮೀಟರಿನ ಸಣ್ಣ ಸಪ್ಪಳಕ್ಕೆ ಒಂದೊಂದು ಸಲ ನನ್ನ ಎದೆ ಎದ್ದು ಕುಳಿತುಕೊಳ್ಳುತ್ತಿತ್ತು.

ಆ ಹೊತ್ತಿನಲ್ಲಿ ನಾನು ಬೇರೆ ಕಡೆ ಹುಡುಕಿದೆ. ಅಂಗಡಿಯಲ್ಲಿಯೇ ನನ್ನ ಫೋನನ್ನು ಚಾರ್ಜಿಗೆ ಹಚ್ಚಿ ತೆರೆದೆ. ಯಜಮಾನರಿಗೆ ದನಿಯಲ್ಲಿ ಸಂದೇಶ ಕಳಿಸುವ ರೂಢಿ ಇರಲಿಲ್ಲ, ಫೋನೇ ಮಾಡುತ್ತಿದ್ದರು. ಹಳೆಯ ಕರೆಗಳ ಪಟ್ಟಿ ಇತ್ತು. ಯಾವ ದಿನ, ಎಷ್ಟು ನಿಮಿಷ ಮಾತಾಡಿದೆವು ಎಂಬುದನ್ನೆಲ್ಲ ಫೋನು ಜೋಪಾನವಾಗಿ ಇಟ್ಟಿತ್ತು. ಏನು ಮಾತಾಡಿದೆವು ಎಂಬುದನ್ನು ಇಟ್ಟಿರಲಿಲ್ಲ. ತಂಗಿಯ ಮೊಮ್ಮಗುವಿನ ಹೆಸರಿಡುವ ದಿನದ ಒಂದು ವಿಡಿಯೋದಲ್ಲಿ ಇವರು ತೊಟ್ಟಿಲ ಪಕ್ಕ ನಿಂತು ಏನೋ ಹೇಳಿ ಎಲ್ಲರನ್ನೂ ನಗಿಸುತ್ತಾರೆ. ಚಂದ ಕಾಣಲಿ ಎಂದು ಯಾರೋ ಅದಕ್ಕೆ ಜೋಗುಳದ ಹಾಡು ಹಚ್ಚಿ ಕಳಿಸಿದ್ದರು. ಹಾಡು ಬಂದರೆ ಕೆಳಗಿನ ದನಿ ಅಳಿಸಿಯೇ ಹೋಗುತ್ತದಂತೆ. ಇವರ ಬಾಯಿ ಆಡುತ್ತದೆ, ಹೆಂಗಸೊಬ್ಬಳು ಹಾಡುತ್ತಾಳೆ.

“ಬ್ಯಾಕಪ್ ಏನರ ಇತ್ತೇನ್ರಿ? ಮ್ಯಾಲ ಏರಿಸಿಟ್ಟಿದ್ದು?” ಎಂದು ಅಂಗಡಿಯವರು ಕೇಳಿದರು. ನನಗೆ ಗೊತ್ತಿದ್ದ ಪಾಸ್‌ವರ್ಡ್ ಹಾಕಿ ಅವರ ಕಂಪ್ಯೂಟರಿನಲ್ಲಿ ತೆರೆದೆವು. ಸೂರ್ಯೋದಯ, ಗುಲಾಬಿ ಹೂ, ಹೊಗೆಯಾಡುವ ಚಹಾ ಕಪ್ಪು, ಮತ್ತೆ ಸೂರ್ಯೋದಯ. ಬೆರಳು ಸರಿಸಿದಷ್ಟೂ ಶುಭೋದಯ. ನೆಂಟರಿಷ್ಟರು ದಿನಾ ಕಳಿಸಿದ್ದು. ಅವುಗಳಿಂದಲೇ ಪುಕ್ಕಟೆ ಜಾಗ ತುಂಬಿ ಹೋಗಿತ್ತು. ರೆಕಾರ್ಡುಗಳಲ್ಲಿ ಒಂದೂ ಮೇಲೆ ಹೋಗಿರಲಿಲ್ಲ. ಜಾಗ ತುಂಬಿದೆ ಎಂದು ಫೋನು ಎಷ್ಟೋ ತಿಂಗಳಿಂದ ಹೇಳುತ್ತಲೇ ಇತ್ತು. ಕೆಳಗೆ ಎರಡು ಮಾತು ಇರುತ್ತಿದ್ದವು, ಈಗ ಮತ್ತು ನಂತರ. ನಾನು ಬೆಳಿಗ್ಗೆ ಹಾಲು ಕಾಯಿಸುತ್ತ, ತೊಯ್ದ ಬೆರಳಿನಿಂದ ನಂತರ ಒತ್ತುತ್ತಿದ್ದೆ.

ಕೊನೆಗೆ ಮುಂಡರಗಿಗೆ ಫೋನು ಮಾಡಿದೆ. ಇವರ ಜೊತೆಗೆ ಕೆಲಸ ಮಾಡಿದವರೊಬ್ಬರು ಈಗಲೂ ಅಲ್ಲಿದ್ದಾರೆ. ಇಷ್ಟು ವರ್ಷ ಮೈಕಿನಲ್ಲಿ ಕೂಗಿದ್ದಾರಲ್ಲ, ಯಾವುದಾದರೂ ಒಂದು ದಿನದ್ದು ಎಲ್ಲಾದರೂ ಉಳಿದಿದೆಯೇ ಎಂದು ಕೇಳಿದೆ.

“ಇಲ್ರಿ ವೈನಿ” ಎಂದರು ಅವರು. “ಮೈಕ್ ಏನೂ ಇಟ್ಟಕೊಳ್ಳೂದಿಲ್ರಿ. ಬಾಯಾಗಿಂದ ಬಂದದ್ದು ತಂತ್ಯಾಗ ಹೋತು, ತಂತ್ಯಾಗಿಂದ ಕಂಬದ ಮ್ಯಾಲಿನ ಭೊಂಗಾದಾಗ, ಭೊಂಗಾದಾಗಿಂದ ಗಾಳ್ಯಾಗ. ಅಷ್ಟ ಅದರ ಬಾಳು. ಯಾಕ್ರಿ, ಅಣ್ಣಾರು ಆರಾಮದಾರಲ್ಲ?”

“ಆರಾಮದಾರ್ರಿ” ಎಂದೆ.

ಅವರ ಹಿಂದೆ ಗದಗಿನ ಬಸ್ಸು ಹೊರಡುವ ಸೂಚನೆ ಕೇಳುತ್ತಿತ್ತು. ಈಗ ಅಲ್ಲಿ ಯಾರೂ ಕೂಗುವುದಿಲ್ಲ. ಯಾವ ಊರಿನವಳೋ ಏನೋ, ಒಬ್ಬ ಹೆಂಗಸಿನ ದನಿಯನ್ನು ತುಂಡು ತುಂಡಾಗಿ ರೆಕಾರ್ಡ್ ಮಾಡಿ ಯಂತ್ರ ಜೋಡಿಸಿ ಹೇಳುತ್ತದೆ. ಊರಿನ ಹೆಸರು ಬಂದಾಗ ಸಣ್ಣ ಸಂದು ಕೇಳಿಸುತ್ತದೆ, ರವಿಕೆಯ ತೇಪೆಯ ಹಾಗೆ. ಆಕೆಯ ದನಿ ಪ್ರತಿ ನಿಲ್ದಾಣದಲ್ಲೂ ಇದೆ. ನನಗೆ ಬೇಕಾದದ್ದು ಲೋಕದಲ್ಲಿ ಒಂದೇ ಕಡೆ ಇತ್ತು.

ಮೂರೂವರೆಯ ಹೊತ್ತಿಗೆ ಅಂಗಡಿಯವರು ಕೈ ಒರೆಸಿಕೊಂಡರು. ಚಿಮಟದಿಂದ ಒಂದು ಕರಿ ಚೌಕ ತೋರಿಸಿದರು, ತೊಗರಿ ಬೇಳೆಗಿಂತ ತುಸು ದೊಡ್ಡದು.

“ಅಕ್ಕಾರ, ಖರೆ ಹೇಳತೀನಿ. ದನಿ ಇದರಾಗ ಐತಿ. ಇದು ಸತ್ತಿಲ್ಲ. ಆದ್ರ ಒಳಗಿಂದಕ್ಕೆಲ್ಲಾ ಕೀಲಿ ಹಾಕಿದ್ದು ಈ ಬಾಜೂದ್ದು.” ಚಿಮಟ ಪಕ್ಕಕ್ಕೆ ಸರಿಯಿತು. “ಇದು ಕೀಲಿಕೈ ನುಂಗಿಕೊಂಡು ಸತ್ತೈತಿ.”

“ಬ್ಯಾರೆ ಫೋನಿಗೆ ಅದನ್ನ ಹಚ್ಚಿದ್ರ?”

“ಬ್ಯಾರೆ ಫೋನಿನ ಕೀಲಿ ಬ್ಯಾರೆ. ಕಳ್ಳರು ಓದಬಾರದು ಅಂತ ಹಂಗ ಮಾಡ್ಯಾರ. ಒಂದು ಕ್ಯಾಸೆಟ್ ಆಗಿದ್ರ ನೋಡ್ರಿ, ಬಿಚ್ಚಿ, ಒಣಾ ಹಾಕಿ, ಹರಿದಲ್ಲಿ ಅಂಟಿಸಿ, ಅರ್ಧಾ ಮರ್ಧಾ ಆದ್ರೂ ಕೇಳಸ್ತಿದ್ದೆ. ಇದರಾಗ ಅರ್ಧಾ ಅನ್ನೂದು ಇಲ್ಲ. ದನಿಯನ್ನ ಒಂದು ಸೆಕೆಂಡಿಗೆ ಸಾವಿರ ಸಾವಿರ ಸಲ ಅಳದು ಅಂಕಿ ಮಾಡಿ ಇಟ್ಟಿರತೈತಿ. ಕೀಲಿ ಇದ್ರ ದನಿ. ಇಲ್ಲಂದ್ರ ಬರೇ ಅಂಕಿ, ಅದೂ ಕಲಸಿದ್ದು.”

ಮತ್ತೆ ಯಾವುದಾದರೂ ದೊಡ್ಡ ಊರಿನಲ್ಲಿ, ಎಂದೆ. ಅಲ್ಲಿಯೂ ಇದನ್ನೇ ಹೇಳುತ್ತಾರೆ, ಬೇಕಾದರೆ ಕೇಳಿ ನೋಡ್ರಿ ಎಂದರು. ದುಡ್ಡು ತೆಗೆದುಕೊಳ್ಳಲಿಲ್ಲ. ಆ ಚೌಕವನ್ನು ಹತ್ತಿಯಲ್ಲಿ ಸುತ್ತಿ, ಕಿವಿಯ ಓಲೆ ಇಡುವಂಥ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಕೊಟ್ಟರು. ನಾನು ಥ್ಯಾಂಕ್ಯೂ ಎಂದೆ. ಸಿಸ್ಟರುಗಳು ಕಲಿಸಿದ್ದು ಎಂಥ ಹೊತ್ತಿನಲ್ಲಿಯೂ ಬಾಯಿಗೆ ಬರುತ್ತದೆ.

ಬೆಟಗೇರಿಗೆ ಆಟೋದಲ್ಲಿ ಬರುವಾಗ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿದೆ. ಹುಚ್ಚು ಎಂದು ಗೊತ್ತಿತ್ತು. ಬಳೆಯ ಸಪ್ಪಳ ಒಳಗಿದೆ, ಕುಕ್ಕರಿನ ಸೀಟಿ ಒಳಗಿದೆ, ಆತಿಲ್ಲೋ ಎಂದು ನಕ್ಕ ನಗು ಒಳಗಿದೆ. ಹತ್ತಿ ಇದ್ದುದರಿಂದ ಡಬ್ಬಿ ಸಪ್ಪಳವನ್ನೂ ಮಾಡಲಿಲ್ಲ. ಅವರು ಮುಂಡರಗಿಯ ಬಸ್ಸನ್ನು ಹೇಗೆ ಕೂಗುತ್ತಿದ್ದರು ಎಂದು ಮನಸ್ಸಿನಲ್ಲಿ ಕೇಳಿಸಿಕೊಳ್ಳಲು ನೋಡಿದೆ. ಮಾತು ಬಂತು, ದನಿ ಬರಲಿಲ್ಲ. ನಡುವೆ ಆ ಯಂತ್ರದ ಹೆಂಗಸಿನ ದನಿ ಬಂತು. ಎರಡು ವರ್ಷ ಒತ್ತಿದಾಗಲೆಲ್ಲ ಕೇಳಿದ್ದರಿಂದ, ನೆನಪಿನಲ್ಲಿ ಇಟ್ಟುಕೊಳ್ಳುವ ಕೆಲಸವನ್ನು ನಾನು ಎಂದೋ ಬಿಟ್ಟುಬಿಟ್ಟಿದ್ದೆ.

ಮನೆಯಲ್ಲಿ ಯಜಮಾನರು ಪಡಸಾಲೆಯ ತುಂಬ ಹಳೆಯ ಸೀರೆ ಹಾಸಿ ಜೋಳ ಹರವಿದ್ದರು. ಮೂಗಿನಿಂದಲ್ಲ, ಕುತ್ತಿಗೆಯಿಂದ ಉಸಿರಾಡುವವರಿಗೆ ಬೂದಿಯ ಧೂಳು ಆಗುವುದಿಲ್ಲ. ಆದರೂ ಕುತ್ತಿಗೆಗೆ ಎರಡು ಅರಿವೆ ಬಿಗಿದುಕೊಂಡು, ತೊಯ್ದ ಬೂದಿ ಗಂಟುಕಟ್ಟಿದ ಕಾಳನ್ನು ಆರಿಸುತ್ತಿದ್ದರು. ನನ್ನ ಮುಖ ನೋಡಿದರು. ಡಬ್ಬಿಯನ್ನು ಅವರ ಅಂಗೈಯಲ್ಲಿಟ್ಟೆ. ತೆರೆದು, ಹತ್ತಿ ಬಿಡಿಸಿ, ಬೆರಳ ತುದಿಯಿಂದ ಮುಟ್ಟಿ, ಮತ್ತೆ ಮುಚ್ಚಿದರು. ಆಮೇಲೆ ಪಾಟಿ ತೆಗೆದುಕೊಂಡು ಬರೆದರು: ಇನ್ನೂ ಜೋರ ತಟ್ಟಬೇಕಿತ್ತು ನಾನು.

ನಾನು ಅದನ್ನು ಸೆರಗಿನಿಂದ ಒರೆಸಿದೆ. ಅವರು ಮತ್ತೆ ಬರೆದರು, ಅದನ್ನೇ. ನಾನು ಮತ್ತೆ ಒರೆಸಿದೆ. ಮೂರನೆಯ ಸಲ ಬಳಪ ಕೆಳಗಿಟ್ಟು ಜೋಳ ಆರಿಸತೊಡಗಿದರು.

ಸಂಜೆ ದೀಪ ಹಚ್ಚಿ, ಮೊರದಲ್ಲಿದ್ದ ಬೂದಿ ಚೆಲ್ಲಲು ಹಿತ್ತಲಿಗೆ ಹೋದೆ. ಪಕ್ಕದ ಟೀಚರು ಶಾಲೆಯಿಂದ ಬಂದು, ಬರಿದಾದ ಕೊಡಗಳನ್ನು ಗೋಡೆಯ ಪಕ್ಕ ಬೋರಲು ಹಾಕುತ್ತಿದ್ದರು. ನನ್ನನ್ನು ನೋಡಿ ನಕ್ಕರು.

“ಇವತ್ತ ನೀರು ಬಂದಿತ್ತಂತಲ್ರಿ? ನಂಗ ಗೊತ್ತ ಆಗ್ಲಿಲ್ಲ ನೋಡ್ರಿ, ಮಲಗೇ ಬಿಟ್ಟಿದ್ದೆ. ಪ್ರತಿ ಸಲ ನಿಮ್ಮ ಯಜಮಾನ್ರು ‘ಏಳ, ನೀರ ಬಂತ ನೋಡ’ ಅಂತ ಒದರತಾರಲ್ಲ, ನಾ ಅದನ್ನ ಕೇಳೇ ಏಳೂದು. ಮುಂದಿನ ಸರತಿ ಒಂದೀಟು ಜೋರ ಒದರಾಕ ಹೇಳ್ರಿ ಅವರಿಗೆ.”